ಅಮಾನತಿನ ಗಂಟು: ಐಹೊಳೆಯಿಂದ ವಿಮಾನ ನಿಲ್ದಾಣದವರೆಗೆ

ಉರ್ದುವಿನಲ್ಲಿ ‘ಅಮಾನತ್’ ಎಂದರೆ ನಂಬಿಕೆಯ ಮೇಲೆ ಒಬ್ಬರ ವಶಕ್ಕೆ ಕೊಟ್ಟ ವಸ್ತು. ಕೇಳಿದಾಗ ಅದನ್ನು ಕೊಟ್ಟ ಹಾಗೆಯೇ ಮರಳಿಸುವುದು ಪಡೆದವನ ಹೊಣೆ. ಇದೇ ಶಬ್ದ ಕನ್ನಡದ ಕಚೇರಿಗಳಿಗೆ ಬಂದು ‘ಅಮಾನತು’ ಆದಾಗ ಅದಕ್ಕೆ ಬೇರೆಯೇ ಅರ್ಥ ಅಂಟಿಕೊಂಡಿತು. ನೌಕರನೊಬ್ಬನನ್ನು ಅತ್ತ ಕೆಲಸದಲ್ಲೂ ಇಲ್ಲ, ಇತ್ತ ಕೆಲಸ ಕಳೆದುಕೊಂಡೂ ಇಲ್ಲ ಎಂಬ ಸ್ಥಿತಿಯಲ್ಲಿ ತೂಗುಹಾಕುವುದಕ್ಕೆ ನಾವು ಈಗ ಅಮಾನತು ಎನ್ನುತ್ತೇವೆ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಪೆಟ್ಟಿಗೆ ಒಪ್ಪಿಸಿ, ನಡುದಾರಿಯಲ್ಲಿ ಇನ್ನೊಂದು ವಿಮಾನ ಹಿಡಿಯಬೇಕಾದ ಪ್ರಯಾಣಿಕರಿಗೆ ಈ ಎರಡೂ ಅರ್ಥಗಳು ಒಟ್ಟಿಗೇ ಅನುಭವಕ್ಕೆ ಬರುತ್ತವೆ. ಪೆಟ್ಟಿಗೆ ಕಂಪನಿಯ ಬಳಿ ಅಮಾನತ್ ಆಗಿರುತ್ತದೆ. ಎರಡು ವಿಮಾನಗಳ ನಡುವೆ ಅದು ಅಮಾನತಿನಲ್ಲೂ ಇರುತ್ತದೆ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಕಡೆಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರ ಮನೆಯ ಹೆಣ್ಣುಮಕ್ಕಳು ಈಗ ಮಕ್ಕಳನ್ನು ಕಟ್ಟಿಕೊಂಡು ಒಬ್ಬರೇ ಪ್ರಯಾಣ ಮಾಡುತ್ತಾರೆ. ಕಂಕುಳಲ್ಲಿ ಒಂದು ಕೂಸು, ಬೆರಳು ಹಿಡಿದು ಇನ್ನೊಂದು, ಹೆಗಲಿಗೆ ಹಾಲಿನ ಬಾಟಲಿಯ ಚೀಲ. ನಮ್ಮ ಜಿಲ್ಲೆಯಿಂದ ನೇರವಾಗಿ ಜಿದ್ದಾಕ್ಕೋ ದೋಹಾಕ್ಕೋ ಹಾರುವ ವಿಮಾನವಿಲ್ಲ. ಎಲ್ಲಿಯಾದರೂ ಒಂದು ಕಡೆ ಇಳಿದು ಹತ್ತಲೇಬೇಕು. ಹಾಗೆ ಇಳಿದು ಹತ್ತುವ ಜಾಗದಲ್ಲಿ ಗಂಟಿನ ಹೊಣೆ ಯಾರದು? ಇದು ವಿಮಾನದ ಜೊತೆ ಹುಟ್ಟಿದ ಪ್ರಶ್ನೆಯಲ್ಲ. ಇದಕ್ಕೆ ನಮ್ಮದೇ ನೆಲದಲ್ಲಿ ಸಾವಿರ ವರ್ಷಕ್ಕೂ ಹಿಂದಿನ ಚರಿತ್ರೆಯಿದೆ.

ಹೇರು ಮತ್ತು ಹೊರೆ

ಹುನಗುಂದ ತಾಲೂಕಿನ ಐಹೊಳೆಯನ್ನು ನಾವು ಗುಡಿಗಳಿಗಾಗಿ ನೆನೆಯುತ್ತೇವೆ. ಚಾಲುಕ್ಯರು ಬಾದಾಮಿಯಿಂದ ಆಳುತ್ತಿದ್ದಾಗ ಬೆಳೆದ ಈ ಊರು ಇನ್ನೊಂದು ಕಾರಣಕ್ಕೂ ದೂರದೂರಕ್ಕೆ ಗೊತ್ತಿತ್ತು. ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕರ ಸಂಘ ಹೆಸರು ಪಡೆದದ್ದು ಇದೇ ಊರಿನಿಂದ. ಕನ್ನಡ, ತೆಲುಗು, ತಮಿಳು ನಾಡುಗಳ ಎಷ್ಟೋ ಶಾಸನಗಳಲ್ಲಿ ಇವರ ಮಾತು ಬರುತ್ತದೆ. ಕತ್ತೆ, ಕೋಣಗಳ ಮೇಲೆ ಸರಕು ಹೇರಿಕೊಂಡು, ನೆಲದ ದಾರಿ ಜಲದ ದಾರಿ ಎರಡರಲ್ಲೂ ತಿರುಗುತ್ತಿದ್ದವರು ಇವರು. ಸುಮಾತ್ರಾ ದ್ವೀಪದ ಬಾರೂಸ್ ಬಳಿಯ ಲೋಬು ತುವಾದಲ್ಲಿ 1088ನೆಯ ಇಸವಿಯ ಒಂದು ತಮಿಳು ಶಾಸನ ಸಿಕ್ಕಿದೆ. ಕರ್ಪೂರಕ್ಕೆ ಹೆಸರಾಗಿದ್ದ ಆ ರೇವಿನ ಶಾಸನದಲ್ಲೂ ಐನೂರ್ವರ ಹೆಸರಿದೆ. ಮಲಪ್ರಭೆಯ ದಂಡೆಯ ಊರಿನ ಹೆಸರು ಸಮುದ್ರದಾಚೆಯ ಕಲ್ಲಿನ ಮೇಲೆ!

ಈ ವರ್ತಕರು ಗಂಟನ್ನು ಕೈಬಿಡುತ್ತಿರಲಿಲ್ಲ. ಸರಕು ಎಲ್ಲಿಯೋ ವರ್ತಕ ಅಲ್ಲಿಯೇ. ಜೊತೆಗೆ ಕಾವಲಿಗೆ ಆಯುಧ ಹಿಡಿದ ಆಳುಗಳು. ದಾರಿಯ ಸುಂಕದ ಕಟ್ಟೆಗಳಲ್ಲಿ ನಿಲ್ಲಿಸಿದಾಗ ಲೆಕ್ಕ ನಡೆಯುತ್ತಿದ್ದುದು ಹೇರಿನ ಮೇಲೆ, ಹೊರೆಯ ಮೇಲೆ. ಪಶುವಿನ ಬೆನ್ನಿನದು ಹೇರು, ಮನುಷ್ಯನ ತಲೆಯ ಮೇಲಿನದು ಹೊರೆ. ನಮ್ಮ ಭಾಷೆ ಅಂದೇ ಈ ಎರಡನ್ನೂ ಬೇರೆಯಾಗಿ ಕಂಡಿತ್ತು.

ಸಾಮಾನ್ಯರ ಪ್ರಯಾಣದಲ್ಲೂ ಅನೇಕ ಶತಮಾನ ಇದೇ ನಡೆಯಿತು. ಚಕ್ಕಡಿಯಲ್ಲಿ ಜಾತ್ರೆಗೆ ಹೊರಟ ಮನೆಯವರು ಗಂಟಿನ ಮೇಲೆಯೇ ಕುಳಿತಿರುತ್ತಿದ್ದರು. ಹಳೆಯ ಸೀರೆಗಳ ಕೌದಿ ಹಗಲು ಗಂಟು ಕಟ್ಟುವ ಬಟ್ಟೆ, ರಾತ್ರಿ ಕೂಸಿನ ಹಾಸಿಗೆ. ಎರಡು ಮರಗಳ ನಡುವೆ ಸೀರೆ ಕಟ್ಟಿದರೆ ಅದೇ ಜೋಳಿಗೆ. ಮಗು ಮತ್ತು ಗಂಟು ಒಂದೇ ಬಂಡಿಯಲ್ಲಿ, ಒಂದೇ ಕಣ್ಣಳತೆಯಲ್ಲಿ ಇರುತ್ತಿದ್ದವು. ಕೂಸನ್ನು ಹಿಡಿಯಲೋ ಗಂಟನ್ನು ಹಿಡಿಯಲೋ ಎಂದು ತಾಯಿ ಆಯ್ದುಕೊಳ್ಳಬೇಕಾದ ಸಂದರ್ಭ ಕಡಿಮೆ. ಪ್ರಯಾಣ ನಿಧಾನವಾಗಿತ್ತು, ಆದರೆ ಬಂಡಿ ಬದಲಿಸುವ ಗೋಜು ಇರಲಿಲ್ಲ.

ಹೊಟಗಿಯಲ್ಲಿ ಇಳಿದ ಗಂಟು

1876ರಿಂದ 1878ರವರೆಗಿನ ಭೀಕರ ಬರ ಬಿಜಾಪುರ ಜಿಲ್ಲೆಯನ್ನು ಹಿಂಡಿ ಹಾಕಿತು. ಬಾಗಲಕೋಟೆ, ಬಾದಾಮಿ, ಹುನಗುಂದ ಆಗ ಅದೇ ಜಿಲ್ಲೆಯ ತಾಲೂಕುಗಳು. ಬರದ ನಾಡಿಗೆ ಧಾನ್ಯ ಸಾಗಿಸಲು ರೈಲು ಬೇಕು ಎಂಬ ಮಾತು ಗಟ್ಟಿಯಾದದ್ದು ಆಗ. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1880ರ ದಶಕದಲ್ಲಿಯೇ ಹೊಟಗಿಯಿಂದ ಬಿಜಾಪುರ, ಬಾಗಲಕೋಟೆ, ಬಾದಾಮಿಯ ಮೇಲೆ ಗದಗಿನವರೆಗೆ ಹಳಿ ಬಿತ್ತು. ಇಳಕಲ್, ಹುನಗುಂದಗಳಿಗೆ ಹಳಿ ಬರಲಿಲ್ಲ. ಅಲ್ಲಿಯವರು ರೈಲು ಹಿಡಿಯುವ ಮೊದಲೇ ಒಂದು ಸಲ ಗಂಟು ಇಳಿಸಿ ಏರಿಸಬೇಕಿತ್ತು.

ಆ ಹಳಿ ಮೀಟರ್ ಗೇಜಿನದು. ಎರಡು ಕಂಬಿಗಳ ನಡುವೆ ಒಂದು ಮೀಟರ್. ಸೊಲ್ಲಾಪುರದ ಕಡೆಯಿಂದ ಮುಂಬೈಗೆ ಹೋಗುವ ದಾರಿಯದು ಬ್ರಾಡ್ ಗೇಜ್, ಐದೂವರೆ ಅಡಿ. ಒಂದರ ಡಬ್ಬಿ ಇನ್ನೊಂದರ ಮೇಲೆ ಓಡದು. ಆದ್ದರಿಂದ ಮುಂಬೈಗೆ ಹೊರಟ ನಮ್ಮ ಕಡೆಯವರು ಹೊಟಗಿ–ಸೊಲ್ಲಾಪುರದ ಕಡೆ ಇಳಿಯಬೇಕಾಗಿತ್ತು. ಟ್ರಂಕು, ಸುರುಳಿ ಹಾಸಿಗೆ, ಬುತ್ತಿ ಗಂಟು, ನೀರಿನ ತಂಬಿಗೆ, ನಿದ್ದೆಗಣ್ಣಿನ ಮಕ್ಕಳು ಎಲ್ಲವೂ ಫ್ಲಾಟ್‌ಫಾರಂ ಮೇಲೆ. ತಲೆಗೆ ಸಿಂಬಿ ಇಟ್ಟುಕೊಂಡು ಬಂದ ಹಮಾಲ ಟ್ರಂಕು ಹೊತ್ತು ಮುಂದೆ ಓಡಿದರೆ ಹಿಂದೆ ಗಂಡಸು, ಅವನ ಹಿಂದೆ ಮಗುವನ್ನು ಎತ್ತಿಕೊಂಡ ಹೆಂಗಸು. ಈ ಹಳಿಯೆಲ್ಲ ಬ್ರಾಡ್ ಗೇಜ್ ಆದದ್ದು 2008ರ ಹೊತ್ತಿಗೆ. ಅಂದರೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಮೂರ್ನಾಲ್ಕು ತಲೆಮಾರು ಈ ಓಟ ಓಡಿತು.

ರೈಲು ತಂದ ಇನ್ನೊಂದು ಹೊಸ ಸಂಗತಿ ರಸೀದಿ. ಪ್ರಯಾಣಿಕ ತನ್ನ ಲಗೇಜನ್ನು ಬುಕ್ ಮಾಡಿ, ರಸೀದಿ ಪಡೆದು, ಗಾರ್ಡಿನ ಡಬ್ಬಿಗೆ ಕಳಿಸಿ ತಾನು ಕೈಬೀಸಿಕೊಂಡು ಕೂರಬಹುದಾಗಿತ್ತು. 1890ರ ರೈಲ್ವೆ ಕಾಯ್ದೆ ಇದಕ್ಕೊಂದು ಗೆರೆ ಎಳೆಯಿತು. ರೈಲ್ವೆಯ ನೌಕರ ಬುಕ್ ಮಾಡಿಕೊಂಡು ರಸೀದಿ ಕೊಟ್ಟಿದ್ದರಷ್ಟೇ ಕಳೆದ ಲಗೇಜಿಗೆ ರೈಲ್ವೆ ಹೊಣೆ. ಇಂದಿನ 1989ರ ಕಾಯ್ದೆಯ ನೂರನೆಯ ಕಲಮು ಅದನ್ನೇ ಉಳಿಸಿಕೊಂಡಿದೆ. ಕೈಯಲ್ಲಿ ಒಯ್ದದ್ದು ಕಳೆದರೆ ರೈಲ್ವೆಯ ತಪ್ಪನ್ನು ತೋರಿಸಬೇಕಾದವರು ಪ್ರಯಾಣಿಕರೇ ಎಂದೂ ಹೇಳುತ್ತದೆ. ಹೀಗೆ ಅಮಾನತ್ ಎಂಬುದು ಮಾತಿನಿಂದ ಕಾಗದಕ್ಕೆ ಇಳಿಯಿತು. ಕಾಗದ ಓದಬಲ್ಲವರು, ಕಟ್ಟಲು ಹಣವಿದ್ದವರು ಅದನ್ನು ಬಳಸಿದರು. ನಮ್ಮವರಲ್ಲಿ ಹೆಚ್ಚಿನವರು ಗಂಟನ್ನು ಸೀಟಿನ ಕೆಳಗೇ ತುರುಕಿ ಅದರ ಮೇಲೆ ಕಾಲಿಟ್ಟು ಮಲಗಿದರು.

ಇಳಕಲ್ಲಿನ ನೇಕಾರರಿಗೆ ಈ ಜಂಕ್ಷನ್ನಿನ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡನ್ನೂ ಒಂದೊಂದೇ ಎಳೆ ಸೇರಿಸಿ ಜೋಡಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ಆ ಕೆಲಸಕ್ಕೆ ತಾಳ್ಮೆ ಬೇಕು, ಕೈ ಬೇಕು. ಪ್ರಯಾಣದಲ್ಲೂ ಕೊಂಡಿಯ ಜಾಗವೇ ಕಷ್ಟದ ಜಾಗ.

ಹಡಗಿನ ಸಂದೂಕ

ಮುಂಬೈ ತಲುಪಿದವರಲ್ಲಿ ಕೆಲವರ ದಾರಿ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಹಜ್ಜಿಗೆ ಹೊರಟವರು ಮುಸಾಫಿರಖಾನೆಗಳಲ್ಲಿ ಹಡಗಿನ ದಾರಿ ಕಾಯುತ್ತಿದ್ದರು. 1877ರಲ್ಲಿ ಬಾಂಬೆ ಆ್ಯಂಡ್ ಪರ್ಷಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯಾಗಿ ಹುಟ್ಟಿ ಮುಂದೆ ಮುಘಲ್ ಲೈನ್ ಎಂದು ಹೆಸರಾದ ಕಂಪನಿಯ ಹಡಗುಗಳು ನೂರಾರು ಸಾವಿರ ಹಾಜಿಗಳನ್ನು ಜಿದ್ದಾಕ್ಕೆ ಮುಟ್ಟಿಸಿದವು. ಯಾತ್ರಿಕರ ಗೋಳು ವಿಪರೀತವಾದಾಗ ಸರ್ಕಾರ 1886ರಲ್ಲಿ ಥಾಮಸ್ ಕುಕ್ ಕಂಪನಿಗೆ ಹಜ್ ಪ್ರಯಾಣದ ಏಜೆನ್ಸಿ ವಹಿಸಿತು. 1893ರಲ್ಲಿ ಆ ವ್ಯವಸ್ಥೆ ಮುಗಿಯಿತು.

ಹಳೆಯ ಹಡಗುಗಳಲ್ಲಿ ಡೆಕ್ಕಿನ ಪ್ರಯಾಣಿಕರು ತಮ್ಮ ಅಡಿಗೆಯನ್ನು ತಾವೇ ಮಾಡಿಕೊಳ್ಳಬೇಕಿತ್ತು. ಆದ್ದರಿಂದ ಸಂದೂಕದಲ್ಲಿ ಬಟ್ಟೆಗಿಂತ ಹೆಚ್ಚಾಗಿ ಹಿಟ್ಟು, ಅಕ್ಕಿ, ಬೇಳೆ, ಪಾತ್ರೆ. ಡೆಕ್ಕಿನಲ್ಲಿ ಪ್ರತಿಯೊಬ್ಬನಿಗೂ ಇಷ್ಟು ಚದರ ಅಡಿ ಎಂದು ಕಾಯ್ದೆಯೇ ಗೊತ್ತುಮಾಡಿತ್ತು. ಅಷ್ಟರಲ್ಲಿಯೇ ಮನುಷ್ಯ, ಹಾಸಿಗೆ, ಸಂದೂಕ.

ಆ ದಾರಿಯಲ್ಲೂ ನಡುವೆ ಒಂದು ಇಳಿದಾಣವಿತ್ತು. ಕೆಂಪು ಸಮುದ್ರದ ಕಮರಾನ್ ದ್ವೀಪ. ಕಾಲರಾ ಭಯದಿಂದ 1880ರ ದಶಕದ ಆರಂಭದಲ್ಲಿ ತುರ್ಕಿ ಸರ್ಕಾರ ಅಲ್ಲಿ ಕ್ವಾರಂಟೈನ್ ಶಿಬಿರ ಕಟ್ಟಿತು. ಹಿಂದೂಸ್ತಾನದಿಂದ ಬಂದ ಯಾತ್ರಿಕರು ಹಡಗಿಳಿದು, ಹಾಸಿಗೆ ಬಟ್ಟೆಗಳನ್ನು ಶುದ್ಧೀಕರಣಕ್ಕೆ ಒಪ್ಪಿಸಿ, ಅವಧಿ ಮುಗಿಯುವವರೆಗೆ ಕಾಯಬೇಕಿತ್ತು. ಇಷ್ಟಾಗಿ ಜಿದ್ದಾ ತಲುಪಿದರೆ ಹವಳದ ದಿಬ್ಬಗಳ ಕಾರಣ ಹಡಗು ದಂಡೆಗೆ ಬರುವಂತಿಲ್ಲ. ದೂರದಲ್ಲಿ ಲಂಗರು. ಅಲ್ಲಿಂದ ಜನವೂ ಸಾಮಾನೂ ಸಣ್ಣ ದೋಣಿಗಳಲ್ಲಿ. ಯಾವ ದೋಣಿಯಲ್ಲಿ ತಾನು, ಯಾವ ದೋಣಿಯಲ್ಲಿ ತನ್ನ ಸಂದೂಕ ಎಂಬ ಆತಂಕ ಇಂದು ಲಗೇಜು ಬೆಲ್ಟಿನ ಮುಂದೆ ನಿಂತವರ ಆತಂಕಕ್ಕೆ ಅಕ್ಕನೇ ಸರಿ. ಸಂದೂಕದ ಮೇಲೆ ಬಿಳಿ ಬಣ್ಣದಲ್ಲಿ ಹೆಸರು, ಊರು, ಜಿಲ್ಲೆ ಬರೆಸುವ ಪದ್ಧತಿಯ ಹಿಂದೆ ಇದ್ದದ್ದು ಈ ಆತಂಕವೇ. ಮುಂಬೈ–ಜಿದ್ದಾ ಹಜ್ ಹಡಗು 1995ರಲ್ಲಿ ನಿಂತಿತು. ಹೆಸರು ಬರೆಸುವ ರೂಢಿ ಮಾತ್ರ ಸೂಟ್‌ಕೇಸಿಗೂ ಬಂದಿದೆ.

ಚೀಟಿಯ ಚರಿತ್ರೆ

ಗಂಟಿಗೆ ಒಂದು ತುಂಡು, ಒಡೆಯನ ಕೈಗೆ ಅದೇ ಸಂಖ್ಯೆಯ ಇನ್ನೊಂದು ತುಂಡು. ಹೀಗೆ ಹರಿದು ಎರಡಾಗುವ ಚೀಟಿಗೆ ಕೆನಡಾದ ಮಾಂಕ್ಟನ್ ಊರಿನ ಜಾನ್ ಮೈಕೆಲ್ ಲಯನ್ಸ್ 1882ರಲ್ಲಿ ಪೇಟೆಂಟ್ ಪಡೆದ. ರೈಲಿಗೆಂದು ಹುಟ್ಟಿದ ಈ ಚೀಟಿ ಹಡಗಿಗೂ ವಿಮಾನಕ್ಕೂ ಬಂತು.

1929ರ ಅಕ್ಟೋಬರ್ 12ರಂದು ವಾರ್ಸಾದಲ್ಲಿ ಆದ ಒಪ್ಪಂದ ವಿಮಾನದ ಲಗೇಜಿಗೆ ಮೊದಲ ಅಂತರರಾಷ್ಟ್ರೀಯ ಕಾನೂನು. ಒಪ್ಪಿಸಿದ ಲಗೇಜಿಗೆ ಚೀಟಿ ಕೊಡಬೇಕು, ಕಳೆದರೆ ತೂಕದ ಲೆಕ್ಕದಲ್ಲಿ ಪರಿಹಾರ ಕೊಡಬೇಕು ಎಂದು ಅದು ವಿಧಿಸಿತು. ಮಗುವಿನ ಔಷಧಿಯೇ ಇರಲಿ, ಕಲ್ಲೇ ಇರಲಿ, ಕಾನೂನಿಗೆ ಕಿಲೋ ಒಂದೇ ಲೆಕ್ಕ. 1999ರ ಮೇ 28ರ ಮಾಂಟ್ರಿಯಲ್ ಒಪ್ಪಂದ ಈ ಕಿಲೋ ಲೆಕ್ಕ ಬಿಟ್ಟು ಪ್ರಯಾಣಿಕನೊಬ್ಬನಿಗೆ ಇಷ್ಟು ಎಂಬ ಮಿತಿ ತಂದಿತು. ಭಾರತ ಇದಕ್ಕೆ ಸೇರಿದ್ದು 2009ರಲ್ಲಿ.

ಈ ಎರಡು ಒಪ್ಪಂದಗಳ ನಡುವೆ ವಿಮಾನಯಾನ ಒಂದು ಘೋರ ಪಾಠ ಕಲಿಯಿತು. 1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ಐರ್ಲೆಂಡಿನ ಬಳಿ ಸಮುದ್ರದ ಮೇಲೆ ಸಿಡಿಯಿತು. 329 ಜನ ಸತ್ತರು. ಅವರಲ್ಲಿ ಎಂಬತ್ತಕ್ಕೂ ಹೆಚ್ಚು ಮಕ್ಕಳು. ಶಾಲೆಯ ಬೇಸಿಗೆ ರಜೆಗೆ ಅಜ್ಜ ಅಜ್ಜಿಯರ ಊರಿಗೆ ಹೊರಟಿದ್ದ ಸಂಸಾರಗಳು ಅದರಲ್ಲಿದ್ದವು. ಬಾಂಬು ಇದ್ದದ್ದು ವ್ಯಾಂಕೂವರಿನಲ್ಲಿ ಬೇರೊಂದು ಕಂಪನಿಯ ವಿಮಾನಕ್ಕೆ ಒಪ್ಪಿಸಿ ಟೊರಾಂಟೋದಲ್ಲಿ ಕನಿಷ್ಕಕ್ಕೆ ವರ್ಗಾಯಿಸಿದ ಸೂಟ್‌ಕೇಸಿನಲ್ಲಿ. ಅದನ್ನು ಒಪ್ಪಿಸಿದವನಿಗೆ ಮುಂದಿನ ವಿಮಾನದಲ್ಲಿ ಸೀಟು ಖಚಿತವಿರಲಿಲ್ಲ. ಅವನು ವಿಮಾನ ಹತ್ತಲೇ ಇಲ್ಲ. ಪೆಟ್ಟಿಗೆ ಮಾತ್ರ ಹತ್ತಿತು. ಮೂರು ವರ್ಷಗಳ ನಂತರ, 1988ರ ಡಿಸೆಂಬರ್ 21ರಂದು ಲಾಕರ್ಬಿಯಲ್ಲಿ ಪ್ಯಾನ್ ಆ್ಯಮ್ ವಿಮಾನ ಸಿಡಿದು 270 ಜನ ಸತ್ತಾಗಲೂ ಕಂಡದ್ದು ಒಡೆಯನಿಲ್ಲದ ಪೆಟ್ಟಿಗೆಯೇ.

ಆಮೇಲೆ ಒಡೆಯ ಏರದಿದ್ದರೆ ಅವನ ಪೆಟ್ಟಿಗೆಯೂ ಏರಬಾರದು ಎಂಬ ನಿಯಮ ಬಿಗಿಯಾಯಿತು. ಮಗುವಿನ ಬಟ್ಟೆ ಬದಲಿಸುತ್ತ ತಡವಾಗಿ ತಾಯಿ ಎರಡನೆಯ ವಿಮಾನ ತಪ್ಪಿಸಿಕೊಂಡರೆ ಹೊಟ್ಟೆಯೊಳಗೆ ಸೇರಿದ್ದ ಅವಳ ಪೆಟ್ಟಿಗೆಯನ್ನು ಹುಡುಕಿ ಇಳಿಸುತ್ತಾರೆ. ಇಡೀ ವಿಮಾನ ತಡವಾಗುತ್ತದೆ, ಎಲ್ಲರೂ ಅವಳನ್ನು ಶಪಿಸುತ್ತಾರೆ. ಆ ನಿಯಮದ ಬೆಲೆಯನ್ನು ಎಂಬತ್ತಕ್ಕೂ ಹೆಚ್ಚು ಮಕ್ಕಳು ತೆತ್ತಿದ್ದಾರೆ ಎಂಬುದು ಗೊತ್ತಿದ್ದರೆ ಶಾಪ ಸ್ವಲ್ಪ ಮೆತ್ತಗಾದೀತು.

ಇಂದಿನ ಚೀಟಿಯ ಮೇಲೆ ಹತ್ತು ಅಂಕಿಗಳಿರುತ್ತವೆ. ಅವುಗಳಲ್ಲಿ ಮೂರು ಕಂಪನಿಯ ಗುರುತು, ಕೊನೆಯ ಆರು ನಿಮ್ಮ ಪೆಟ್ಟಿಗೆಯ ಸಂಖ್ಯೆ. ಜೊತೆಗೆ ದಪ್ಪಕ್ಷರದಲ್ಲಿ ನಿಲ್ದಾಣದ ಮೂರಕ್ಷರ. ಮುಂಬೈ ಇಲ್ಲಿ ಇನ್ನೂ ಬಾಂಬೆಯೇ, ಬಿ.ಓ.ಎಂ. ಹುಬ್ಬಳ್ಳಿ ಎಚ್.ಬಿ.ಎಕ್ಸ್. 2018ರ ಜೂನ್‌ನಿಂದ ಪೆಟ್ಟಿಗೆಯ ಜಾಡನ್ನು ನಾಲ್ಕು ಕಡೆ ದಾಖಲಿಸಬೇಕೆಂದು ವಿಮಾನ ಕಂಪನಿಗಳ ಒಕ್ಕೂಟ ಐಯಾಟಾ ತನ್ನ ಸದಸ್ಯರಿಗೆ ವಿಧಿಸಿದೆ: ಒಪ್ಪಿಸಿದಾಗ, ವಿಮಾನಕ್ಕೆ ತುಂಬಿದಾಗ, ವಿಮಾನ ಬದಲಿಸುವಾಗ, ಮರಳಿಸುವಾಗ. ಆದರೂ ತಡವಾಗುವ ಪೆಟ್ಟಿಗೆಗಳಲ್ಲಿ ಅತಿ ದೊಡ್ಡ ಪಾಲು ಮೂರನೆಯ ಜಾಗದಲ್ಲಿ, ಅಂದರೆ ಕೊಂಡಿಯಲ್ಲಿ, ಜಾರುವಂಥದ್ದು. ಹೊಟಗಿಯ ಫ್ಲಾಟ್‌ಫಾರಂ ಈಗ ದೋಹಾಕ್ಕೂ ದುಬೈಗೂ ಹೋಗಿದೆ, ಅಷ್ಟೇ.

ಮುಂಬೈಯಲ್ಲಿ ಮತ್ತೆ ಕೈಗೆ

ಒಂದೇ ಟಿಕೆಟಿನಲ್ಲಿ ಇಡೀ ದಾರಿ ಇದ್ದರೆ, ಕಂಪನಿಗಳ ನಡುವೆ ಒಡಂಬಡಿಕೆ ಇದ್ದರೆ, ಹೊರಡುವ ಊರಿನಲ್ಲಿ ಒಪ್ಪಿಸಿದ ಪೆಟ್ಟಿಗೆ ಕೊನೆಯ ಊರಿನವರೆಗೆ ತಾನೇ ಹೋಗುತ್ತದೆ. ತಾಯಿಯ ಕೈ ಮಗುವಿಗೆ ಉಳಿಯುತ್ತದೆ. ಕಾನೂನೂ ಅವಳ ಬೆನ್ನಿಗಿದೆ. ಮಾಂಟ್ರಿಯಲ್ ಒಪ್ಪಂದದ 36ನೆಯ ವಿಧಿಯ ಪ್ರಕಾರ, ಒಂದೇ ಪ್ರಯಾಣವಾಗಿ ಗೊತ್ತುಮಾಡಿದ ದಾರಿಯಲ್ಲಿ ಲಗೇಜು ಕಳೆದರೆ ಮೊದಲ ಕಂಪನಿಯನ್ನೂ ಕೇಳಬಹುದು, ಕೊನೆಯ ಕಂಪನಿಯನ್ನೂ ಕೇಳಬಹುದು, ಯಾರ ವಶದಲ್ಲಿ ಕಳೆಯಿತೋ ಅವರನ್ನೂ ಕೇಳಬಹುದು. ‘ನಮ್ಮಲ್ಲಿ ಕಳೆದಿಲ್ಲ, ಅವರನ್ನು ಕೇಳಿ’ ಎಂದು ಓಡಾಡಿಸುವಂತಿಲ್ಲ. ಅಯ್ಯಾವೊಳೆಯ ವರ್ತಕ ಆಳು ಇಟ್ಟು ಕಾಯಿಸಿದ್ದನ್ನು ಈ ವಿಧಿ ಕಾಗದದಲ್ಲಿ ಕಾಯುತ್ತದೆ.

ತೊಡಕು ಎರಡು ಕಡೆ ಇದೆ.

ಮೊದಲನೆಯದು ಅಗ್ಗದ ಟಿಕೆಟು. ಎರಡು ಕಂಪನಿಗಳ ಎರಡು ಬೇರೆ ಟಿಕೆಟು ಕೂಡಿಸಿದರೆ ಕೆಲವು ಸಾವಿರ ರೂಪಾಯಿ ಉಳಿಯುತ್ತದೆ ಎಂದು ಏಜೆಂಟರು ಹೇಳುತ್ತಾರೆ, ನಾವೂ ಒಪ್ಪುತ್ತೇವೆ. ಆದರೆ ಕಾನೂನಿನ ಕಣ್ಣಿಗೆ ಅವು ಸಾಮಾನ್ಯವಾಗಿ ಎರಡು ಬೇರೆ ಪ್ರಯಾಣಗಳು. ಮೊದಲನೆಯದು ತಡವಾದರೆ ಎರಡನೆಯವರು ಕಾಯುವುದಿಲ್ಲ, ಹಣವೂ ಮರಳದು. ಪೆಟ್ಟಿಗೆ ನಡುದಾರಿಯ ಊರಿನಲ್ಲಿಯೇ ಹೊರಗೆ ಬರುತ್ತದೆ. ಅದು ಬೇರೆ ದೇಶವಾಗಿದ್ದರೆ ಪೆಟ್ಟಿಗೆ ತೆಗೆದುಕೊಳ್ಳಲು ಆ ದೇಶದ ಒಳಗೆ ಹೋಗಬೇಕು, ಅದಕ್ಕೆ ವೀಸಾ ಬೇಕಾಗಬಹುದು. ಉಳಿಸಿದ ಹಣದ ಲೆಕ್ಕ ಗಂಡಸು ಹಾಕುತ್ತಾನೆ. ಅದರ ಹೊರೆ ಮಾತ್ರ ಮಕ್ಕಳೊಂದಿಗೆ ಹೊರಟವಳ ತಲೆಯ ಮೇಲೆ ಬೀಳುತ್ತದೆ.

ಎರಡನೆಯದು ಸುಂಕದ ಕಟ್ಟೆ. ಹೊರದೇಶದಿಂದ ಬರುವಾಗ ಭಾರತದಲ್ಲಿ ಕಾಲಿಟ್ಟ ಮೊದಲ ನಿಲ್ದಾಣದಲ್ಲಿಯೇ ಸಾಮಾನ್ಯವಾಗಿ ಪೆಟ್ಟಿಗೆ ಬಿಡಿಸಿಕೊಳ್ಳಬೇಕು. ಜಿದ್ದಾದಲ್ಲಿ ಹತ್ತಿ ಮುಂಬೈಯಲ್ಲಿ ಇಳಿದು ಹುಬ್ಬಳ್ಳಿಗೆ ಹೋಗುವವಳ ಚೀಟಿಯ ಮೇಲೆ ಎಚ್.ಬಿ.ಎಕ್ಸ್ ಎಂದು ಇದ್ದರೂ ಪೆಟ್ಟಿಗೆ ಮುಂಬೈಯ ಬೆಲ್ಟಿನ ಮೇಲೆ ಬರುತ್ತದೆ. ಇದು ಗೊತ್ತಿಲ್ಲದೆ ನೇರವಾಗಿ ಹೋದವರ ಪೆಟ್ಟಿಗೆ ಅಲ್ಲಿಯೇ ಸುತ್ತುತ್ತಿರುತ್ತದೆ. ಅಮೆರಿಕಕ್ಕೆ ಹೋಗುವವರಿಗೂ ಮೊದಲ ನಿಲ್ದಾಣದಲ್ಲಿ ಹೆಚ್ಚಾಗಿ ಇದೇ ಕಥೆ.

ಅಪರಾತ್ರಿ ಮೂರು ಗಂಟೆ ಎಂದಿಟ್ಟುಕೊಳ್ಳಿ. ಪಾಸ್‌ಪೋರ್ಟಿನ ಸರದಿ ಮುಗಿಸಿ ಬಂದ ತಾಯಿ ಕೂಸನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಇಪ್ಪತ್ತಮೂರು ಕಿಲೋದ ಪೆಟ್ಟಿಗೆಯನ್ನು ಓಡುವ ಬೆಲ್ಟಿನಿಂದ ಎಳೆಯಬೇಕು. ನಾಲ್ಕು ವರ್ಷದ ಇನ್ನೊಂದು ಮಗು ಅಷ್ಟರಲ್ಲಿ ಎಲ್ಲಿಗೆ ಹೋಯಿತೋ ನೋಡಬೇಕು. ಸುಂಕದವರ ಮುಂದೆ ನಿಲ್ಲಬೇಕು. ಮತ್ತೆ ಪೆಟ್ಟಿಗೆ ಒಪ್ಪಿಸಬೇಕು, ಕೆಲವೊಮ್ಮೆ ಟರ್ಮಿನಲ್ಲನ್ನೇ ಬದಲಿಸಬೇಕು. ಲಗೇಜು ಎತ್ತುವ ಕೆಲಸಗಾರರ ಬೆನ್ನು ಉಳಿಯಲೆಂದು ಒಂದು ಪೆಟ್ಟಿಗೆ ಮೂವತ್ತೆರಡು ಕಿಲೋ ಮೀರಬಾರದೆಂಬ ಮಿತಿಯನ್ನು ವಿಮಾನಯಾನ ಪಾಲಿಸುತ್ತದೆ. ಅದು ಒಳ್ಳೆಯದೇ. ಕೂಸು ಎತ್ತಿಕೊಂಡವಳ ಬೆನ್ನಿಗೆ ಇಷ್ಟೇ ಎಂಬ ಮಿತಿಯನ್ನು ಮಾತ್ರ ಯಾರೂ ಬರೆದಿಲ್ಲ.

ಪೆಟ್ಟಿಗೆಯೊಳಗೆ ಊರು

ಪೆಟ್ಟಿಗೆ ಭಾರವಾಗುವುದು ಬಟ್ಟೆಯಿಂದಲ್ಲ, ಊರಿನಿಂದ. ಅಮೀನಗಡದ ಕರದಂಟು, ಖಡಕ್ ರೊಟ್ಟಿ, ಶೇಂಗಾ ಹಿಂಡಿ, ನಾದಿನಿಗೆ ಇಳಕಲ್ ಸೀರೆ, ಗುಳೇದಗುಡ್ಡದ ಖಣ. ಬಾಣಂತಿ ಮಗಳಿಗೆ ತಾಯಿ ಕಟ್ಟಿಕೊಡುವ ಅಂಟಿನುಂಡೆ. ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ನಮ್ಮಲ್ಲಿ ಮಸಾಲೆಯಾದ ಗಸಗಸೆ ಸೌದಿ, ಅಮೀರಾತು, ಕತಾರ್‌ಗಳಲ್ಲಿ ನಿಷಿದ್ಧ ವಸ್ತು. ಅಂಟಿನುಂಡೆಗೂ ಕರದಂಟಿಗೂ ಗಸಗಸೆ ಹಾಕುವವರಿದ್ದಾರೆ. ಪ್ರೀತಿಯಿಂದ ಕಟ್ಟಿದ ಡಬ್ಬಿ ಮಗಳನ್ನು ಪೊಲೀಸರ ಮುಂದೆ ನಿಲ್ಲಿಸಬಾರದು. ಮನೆಯಲ್ಲಿ ಮಾಡುವಾಗ ಗಸಗಸೆ ಬಿಡಿ, ಅಂಗಡಿಯದಾದರೆ ಕೇಳಿ ಕೊಳ್ಳಿ. ‘ಅಲ್ಲಿ ನಮ್ಮವರಿಗೆ ಮುಟ್ಟಿಸಿಬಿಡವ್ವಾ’ ಎಂದು ಬೇರೆಯವರು ಕೊಡುವ ಗಂಟನ್ನು ಬಿಚ್ಚಿ ನೋಡದೆ ಒಯ್ಯಬಾರದು. ಅಮಾನತ್ ಎಂದು ಪಡೆದದ್ದಕ್ಕೆ ಕಾನೂನಿನಲ್ಲಿ ಪೆಟ್ಟಿಗೆಯ ಒಡತಿಯೇ ಹೊಣೆ.

ಮಕ್ಕಳ ವಿಷಯದಲ್ಲಿ ನಿಯಮಗಳು ಅಷ್ಟೇನೂ ಕ್ರೂರವಲ್ಲ, ತಿಳಿದಿರಬೇಕು ಅಷ್ಟೇ. 2006ರ ನಂತರ ಕೈಚೀಲದಲ್ಲಿ ನೂರು ಮಿಲಿಲೀಟರಿಗಿಂತ ಹೆಚ್ಚಿನ ದ್ರವಕ್ಕೆ ತಡೆ ಬಂದರೂ ಕೂಸಿನ ಹಾಲು, ಆಹಾರಕ್ಕೆ ಪ್ರಯಾಣಕ್ಕೆ ಬೇಕಾದಷ್ಟು ವಿನಾಯಿತಿಯಿದೆ. ತಳ್ಳುಗಾಡಿಯನ್ನು ಹೆಚ್ಚಿನ ಕಂಪನಿಗಳು ವಿಮಾನದ ಬಾಗಿಲಿನವರೆಗೆ ಬಳಸಲು ಬಿಡುತ್ತವೆ. ಆದರೆ ನಡುವಿನ ನಿಲ್ದಾಣದಲ್ಲಿ ಅದು ಬಾಗಿಲಿಗೇ ಮರಳುತ್ತದೋ ಕೊನೆಯ ಬೆಲ್ಟಿಗೆ ಹೋಗುತ್ತದೋ ಎಂದು ಕೇಳಿಕೊಳ್ಳಬೇಕು. ಕಲಘಟಗಿಯ ಬಣ್ಣದ ತೊಟ್ಟಿಲಲ್ಲದಿದ್ದರೂ ಮುಂದಿನ ಸಾಲಿನ ಗೋಡೆಗೆ ಸಿಕ್ಕಿಸುವ ಪುಟ್ಟ ತೊಟ್ಟಿಲು ದೂರದ ವಿಮಾನಗಳಲ್ಲಿ ಇರುತ್ತದೆ. ಟಿಕೆಟು ಮಾಡುವಾಗಲೇ ಕೇಳಿ ಕಾಯ್ದಿರಿಸಬೇಕು.

ಪೆಟ್ಟಿಗೆ ತಡವಾಗಬಹುದು ಎಂದುಕೊಂಡೇ ಗಂಟು ಕಟ್ಟುವುದು ಜಾಣತನ. ಒಂದು ಪೆಟ್ಟಿಗೆಯಲ್ಲಿ ಮಗುವಿನದೆಲ್ಲ, ಇನ್ನೊಂದರಲ್ಲಿ ದೊಡ್ಡವರದೆಲ್ಲ ಎಂದು ತುಂಬಿದರೆ ಮಗುವಿನ ಪೆಟ್ಟಿಗೆಯೇ ಕಾಣೆಯಾದಾಗ ಗತಿಯಿಲ್ಲ. ಎಲ್ಲರದನ್ನೂ ಎಲ್ಲದರಲ್ಲೂ ಹಂಚಿಡಬೇಕು. ಔಷಧಿ, ಒಂದೆರಡು ದಿನದ ಬಟ್ಟೆ, ಹಾಲಿನ ಪುಡಿ, ಕಾಗದಪತ್ರ ಕೈಚೀಲದಲ್ಲಿರಬೇಕು. ಹರಿದುಕೊಟ್ಟ ಸಣ್ಣ ಚೀಟಿಯೇ ನಿಮ್ಮ ಅಮಾನತಿನ ಸಾಕ್ಷಿ, ಅದನ್ನು ಎಸೆಯಬಾರದು. ಪೆಟ್ಟಿಗೆ ಬಾರದಿದ್ದರೆ ನಿಲ್ದಾಣ ಬಿಡುವ ಮೊದಲೇ ದೂರು ಬರೆಸಿ ಅದರ ಸಂಖ್ಯೆ ಪಡೆಯಬೇಕು. ಒಡೆದು ಬಂದಿದ್ದರೆ ಏಳು ದಿನದೊಳಗೆ, ತಡವಾಗಿ ಬಂದರೆ ಕೈಸೇರಿದ ಇಪ್ಪತ್ತೊಂದು ದಿನದೊಳಗೆ ಲಿಖಿತ ದೂರು ಕೊಡಬೇಕು. ಇಪ್ಪತ್ತೊಂದು ದಿನವಾದರೂ ಬಾರದಿದ್ದರೆ ಅದು ಕಳೆದಂತೆಯೇ ಲೆಕ್ಕ. ನ್ಯಾಯಾಲಯಕ್ಕೆ ಹೋಗಲು ಎರಡು ವರ್ಷ ಗಡುವು.

ಅರ್ಧ ದಿನದ ಕೆಲಸ

ಐನೂರ್ವರ ಕಾಲದಿಂದ ಇಲ್ಲಿಯವರೆಗಿನ ದಾರಿಯನ್ನು ಒಟ್ಟಿಗೆ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ರಸೀದಿ, ಚೀಟಿ, ಒಪ್ಪಂದ, ಯಂತ್ರ, ಎಲ್ಲವೂ ಪ್ರಯಾಣಿಕರ ಕೈಯಿಂದ ಭಾರ ಇಳಿಸಲು ಹುಟ್ಟಿದವು. ಆದರೆ ಹೊಟಗಿಯಲ್ಲಿ, ಕಮರಾನಿನಲ್ಲಿ, ಇಂದು ಮುಂಬೈಯಲ್ಲಿ, ಹಳಿಯೋ ಸರ್ಕಾರವೋ ಕಂಪನಿಯೋ ಬದಲಾಗುವ ಪ್ರತಿ ಜಾಗದಲ್ಲಿ ಆ ಭಾರ ಮತ್ತೆ ಕೈಗೇ ಬಂದಿದೆ. ಕೈ ಖಾಲಿ ಇದ್ದವರು ಅದನ್ನು ಹೇಗೋ ಎತ್ತಿಕೊಂಡರು. ಕೈಯಲ್ಲಿ ಮಗು ಇದ್ದವರು ಒದ್ದಾಡಿದರು. ಹಿಂದೆ ಅಂಥವರಿಗೆ ಹಮಾಲನಿದ್ದ, ಜೊತೆಗೆ ಒಬ್ಬ ಮೈದುನನೋ ಮಾವನೋ ಇರುತ್ತಿದ್ದ. ಇಂದು ಅವಳು ಒಬ್ಬಳೇ. ಒಬ್ಬಳೇ ಹೋಗಬಲ್ಲಳು ಎ೦ಬುದು ಹೆಮ್ಮೆಯ ವಿಷಯ. ಹಾಗೆಂದು ಅವಳ ಪಾಡಿಗೆ ಅವಳನ್ನು ಬಿಡುವುದು ಹೆಮ್ಮೆಯಲ್ಲ.

ನಿಲ್ದಾಣಗಳಲ್ಲಿ ಸುಂಕದ ಬಾಗಿಲು ದಾಟಿದ ಕೂಡಲೇ ಪೆಟ್ಟಿಗೆ ಮರಳಿ ಒಪ್ಪಿಸುವ ಜಾಗ, ಮಕ್ಕಳೊಂದಿಗೆ ಬಂದ ಒಂಟಿ ತಾಯಂದಿರಿಗೆ ಬೆಲ್ಟಿನ ಬಳಿ ಒಂದು ನೆರವಿನ ಕೈ, ಇವನ್ನು ಎಲ್ಲ ಕಡೆ ಹಕ್ಕಾಗಿ ಕೇಳಬೇಕು. ಅದು ದೊಡ್ಡವರ ಮಟ್ಟದ ಮಾತು. ನಮ್ಮ ಮಟ್ಟದಲ್ಲಿ ಮಾಡಬಹುದಾದದ್ದೂ ಇದೆ. ಹಜ್ಜಿಗೆ ಹೊರಟವರಿಗಾಗಿ ಪ್ರತಿ ವರ್ಷ ತರಬೇತಿ ಶಿಬಿರಗಳು ನಡೆಯುತ್ತವೆ. ಇಹ್ರಾಮ್ ಉಡುವುದರಿಂದ ಹಿಡಿದು ಚೀಲಕ್ಕೆ ಹೆಸರು ಬರೆಯುವವರೆಗೆ ಕಲಿಸುತ್ತಾರೆ. ಅಂಥದ್ದೇ ಅರ್ಧ ದಿನದ ಶಿಬಿರವೊಂದನ್ನು ಮಕ್ಕಳೊಂದಿಗೆ ಹೊರದೇಶಕ್ಕೆ ಹೊರಟ ಹೆಣ್ಣುಮಕ್ಕಳಿಗಾಗಿ, ಜಾತಿ ಮತ ನೋಡದೆ, ಬಾಗಲಕೋಟೆಯಲ್ಲಿಯೋ ಇಳಕಲ್ಲಿನಲ್ಲಿಯೋ ನಡೆಸುವುದು ಕಷ್ಟದ ಕೆಲಸವಲ್ಲ. ಈಗಾಗಲೇ ಹೋಗಿ ಬಂದ ಇಬ್ಬರು ಅಕ್ಕಂದಿರು ಕುಳಿತು, ಒಂದು ಹಳೆಯ ಚೀಟಿ ಹಿಡಿದು, ಯಾವ ಅಂಕಿ ಏನು, ಯಾವ ಊರಲ್ಲಿ ಪೆಟ್ಟಿಗೆ ಇಳಿಸಿಕೊಳ್ಳಬೇಕು, ಎಲ್ಲಿ ಇಳಿಸಿಕೊಳ್ಳಬೇಕಿಲ್ಲ ಎಂದು ಹೇಳಿದರೆ ಸಾಕು.

ಟಿಕೆಟು ಕೊಳ್ಳುವ ಗಂಡಂದಿರೂ ಅಣ್ಣಂದಿರೂ ಆ ಶಿಬಿರಕ್ಕೆ ಬರಲಿ. ಒಂದು ಟಿಕೆಟಿಗೂ ಎರಡು ಟಿಕೆಟಿಗೂ ಇರುವ ವ್ಯತ್ಯಾಸ ಮೊದಲು ತಿಳಿಯಬೇಕಾದದ್ದು ಅವರಿಗೆ.